ಗೆರೆಯಪ್ಪನ ಗಿಡ್ಡ ದೋಣಿ

ಆ ಮನೆಯ ನಡುಕೋಣೆಗೆ ಹೊಸಬರು ಯಾರೇ ಬರಲಿ, ಅತ್ತೆಯ ಬಾಯಿಂದ ಮೊದಲು ಬರುತ್ತಿದ್ದ ಮಾತು "ಬನ್ನಿ, ಕೂತ್ಕೊಳ್ಳಿ" ಅಲ್ಲ, "ಅಯ್ಯಯ್ಯೋ, ನಿಲ್ಲಿ, ಅಲ್ಲಿ ಗೋಡೆ ಇದೆ!" ಬಂದವರು ಬೆಚ್ಚಿಬಿದ್ದು ನೋಡಿದರೆ ಗೋಡೆಯೂ ಇಲ್ಲ, ಗೀಡೆಯೂ ಇಲ್ಲ. ಕಾಲ ಬಳಿ ಸೀಮೆಸುಣ್ಣದ ಒಂದು ಗೆರೆ, ಅಷ್ಟೇ. "ಬಾಗಿಲು ಆ ಕಡೆ. ಸುತ್ತಿಕೊಂಡು ಬನ್ನಿ" ಎಂದು ಅತ್ತೆ ಸೌಟು ಹಿಡಿದ ಕೈಯಲ್ಲೇ ದಾರಿ ತೋರಿಸುತ್ತಿದ್ದರು.

ಗೆರೆ ಎಳೆದವನು ಅವರ ಅಳಿಯ. ಬಂದರಿನ ಪಕ್ಕದ ಹಾಯಿದೋಣಿ ಕಾರ್ಖಾನೆಯಲ್ಲಿ ನಕ್ಷೆ ಬರೆಯುವುದು ಅವನ ಉದ್ಯೋಗ. ಕಾರ್ಖಾನೆಯವರು ಇಟ್ಟ ಹೆಸರು ಗೆರೆಯಪ್ಪ. ಯಾವುದೇ ಹೊಸ ದೋಣಿಯ ನಕ್ಷೆ ಮುಗಿದ ಕೂಡಲೇ ಅವನು ಮನೆಯ ಮೇಜು ಕುರ್ಚಿಗಳನ್ನೆಲ್ಲ ಹೊರಗೆ ಹಾಕಿ, ಅದರ ಒಳಗಿನ ಕೋಣೆಯನ್ನು ಇದ್ದ ಅಳತೆಗೇ ನೆಲದ ಮೇಲೆ ಬರೆಯುತ್ತಿದ್ದ. ಒಲೆ ಇಲ್ಲಿ, ಮಲಗುವುದು ಇಲ್ಲಿ, ಬಾಗಿಲು ಇಲ್ಲಿ. ಆಮೇಲೆ ಒಂದು ತಿಂಗಳು ಮನೆಯವರೆಲ್ಲ ಆ ಗೆರೆಗಳ ಒಳಗೇ ಅಡುಗೆ ಮಾಡಿ, ಉಂಡು, ಮಲಗಿ ತೋರಿಸಬೇಕು. "ಕಾಗದದ ಮೇಲೆ ಎಲ್ಲಾ ದೋಣಿನೂ ಅರಮನೇನೇ" ಎನ್ನುವುದು ಅವನ ವಾದ. ಹೆಂಡತಿ ವಾದಕ್ಕೆ ಹೋಗುತ್ತಿರಲಿಲ್ಲ. ಆಕೆ ಅದೇ ಕಾರ್ಖಾನೆಗೆ ಮನೆಯಲ್ಲೇ ಕೂತು ಮೆತ್ತೆ ಹೊಲಿದು ಕೊಡುತ್ತಿದ್ದಳು; ಹೊಲಿಗೆ ಯಂತ್ರವನ್ನು ಗೆರೆಯಾಚೆ ಇಟ್ಟುಕೊಂಡು ನಗುತ್ತಿದ್ದಳು.

ಆದರೆ ವರ್ಷ ಕಳೆದಂತೆ ಆ ಗೆರೆಗಳು ನಡುಕೋಣೆಯಲ್ಲಿ ಹಿಡಿಸದೆ ಜಗಲಿಗೂ ಅಂಗಳಕ್ಕೂ ಹರಿದವು. ಕೊಳ್ಳುವವರಿಗೆ ಎರಡೆರಡು ಬಚ್ಚಲು ಬೇಕು, ಐಸ್ ಮಾಡುವ ಯಂತ್ರ ಬೇಕು, ಗುಂಡಿ ಒತ್ತಿದರೆ ಲಂಗರು ತಾನಾಗಿ ಮೇಲೆ ಬರಬೇಕು. ಹಾಯಿದೋಣಿಯಲ್ಲಿ ಹಾಯಿ ಒಂದು ನೆಪವಾಯಿತು. ಬೆಲೆ ಕೇಳಿದವರು ಅಲ್ಲೇ ಕೂತುಬಿಡುವಷ್ಟು ಏರಿತು. ಕಾರ್ಖಾನೆಯಲ್ಲಿ ದುಡಿಯುವ ಒಬ್ಬನಿಗೂ ಅಲ್ಲಿನ ದೋಣಿ ಕೊಳ್ಳುವ ಮಾತು ಕನಸಿನಲ್ಲೂ ಇರಲಿಲ್ಲ. ಇದು ಗೆರೆಯಪ್ಪನಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಸಂಬಳದ ಮೇಲೆ ಬದುಕುವವರೂ ಕೊಳ್ಳಬಹುದಾದ, ರಜೆಯಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಒಳಗೇ ಉಂಡು ಮಲಗಿ ದಡದ ಊರುಗಳನ್ನು ಸುತ್ತಬಹುದಾದ ಒಂದು ದೋಣಿ ಮಾಡಬೇಕು. ನಿವೃತ್ತಿ ಹತ್ತಿರ ಬಂದಿತ್ತು. ಈಗ ಬಿಟ್ಟರೆ ಇನ್ನಿಲ್ಲ.

ಕಾರ್ಖಾನೆಯ ಯಜಮಾನಿ ಕೆಟ್ಟವಳಲ್ಲ, ಆದರೆ ಮುಲಾಜಿನವಳೂ ಅಲ್ಲ. ವರ್ಷವಿಡೀ ಅವನ ಗೋಳು ಕೇಳಿ ಕೇಳಿ ಸಾಕಾಗಿ ಒಂದು ದಿನ ಅಂದಳು: "ಆಯ್ತು ಗೆರೆಯಪ್ನೋರೇ, ಒಂದೇ ಒಂದು ಮಾಡಿ. ಬರೋ ದೋಣಿ ಪ್ರದರ್ಶನ ಮುಗಿಯೋದ್ರೊಳಗೆ ಒಂದಾದ್ರೂ ಆರ್ಡರ್ ಬಂದ್ರೆ ಮುಂದೆ ಮಾಡೋಣ. ಬರ್ಲಿಲ್ಲಾಂದ್ರೆ ಈ ಮಾತು ಅಲ್ಲಿಗೇ ಬಿಡ್ಬೇಕು. ಆಮೇಲೆ ನನ್ನ ಪ್ರಾಣ ತಿನ್ನಬಾರ್ದು."

ಗೆರೆಯಪ್ಪ ಹಬ್ಬದೂಟ ಕಂಡ ಮಗುವಿನಂತೆ ಮನೆಗೆ ಓಡಿಬಂದ. ಐಸ್ ಯಂತ್ರ ಹೋಯಿತು. ಬಿಸಿನೀರಿನ ಬಚ್ಚಲು ಹೋಯಿತು. ಒಳಗಿನ ದೊಡ್ಡ ಎಂಜಿನ್ ಹೋಗಿ, ಹಿಂದೆ ತೂಗುಹಾಕುವ ಪುಟ್ಟ ಮೋಟಾರು ಬಂತು. ತಳದಲ್ಲಿ ನೀರಿಗಿಳಿಯುವ ಭಾರದ ಹಲಗೆಯನ್ನು ಹಗ್ಗದಿಂದ ಮೇಲೆಳೆದುಕೊಳ್ಳುವ ಹಾಗೆ ಮಾಡಿದ. ಹಾಗಿದ್ದರೆ ದೋಣಿಯನ್ನು ಗಾಡಿಗೆ ಹೇರಿ ಮನೆಯ ಮುಂದೆಯೇ ನಿಲ್ಲಿಸಿಕೊಳ್ಳಬಹುದು. ಬಂದರಿನವರಿಗೆ ಬಾಡಿಗೆ ಸುರಿಯಬೇಕಿಲ್ಲ. ಕೈ ಹಚ್ಚದೆ ಬಿಟ್ಟಿದ್ದು ಒಡಲು, ಕಂಬ, ಹಾಯಿ ಇಷ್ಟನ್ನೇ. ಅಲ್ಲಿ ಜಿಪುಣತನ ಮಾಡಿದವನು ಸಮುದ್ರದ ಕೈಲಿ ಪಾಠ ಕಲಿಯುತ್ತಾನೆ ಎಂದು ಅವನಿಗೆ ಗೊತ್ತಿತ್ತು. ಕೊನೆಗೆ ಬೆಲೆ ಒಂದು ಸಾಧಾರಣ ಹೊಸ ಕಾರಿನ ಹತ್ತಿರ ಬಂದು ನಿಂತಿತು.

ಇನ್ನು ಉಳಿದದ್ದು ಕೋಣೆಯ ಮೇಲಿನ ಮಾಡು, ಅಂದರೆ ಚಾವಣಿ. ಮಾಡು ತಗ್ಗಿದಷ್ಟೂ ಖರ್ಚು ಕಡಿಮೆ, ಗಾಳಿಯ ಹೊಡೆತವೂ ಕಡಿಮೆ. ಗೆರೆಯಪ್ಪ ನಡುಕೋಣೆಯಲ್ಲಿ ಮಾಡಿನ ಎತ್ತರಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ. ಹೆಂಡತಿ ಅದರ ಕೆಳಗೆ ಸಲೀಸಾಗಿ ನಡೆದಳು. ಅತ್ತೆ ನಡೆದರು. ಅವನೂ ನಡೆದ. ಹಗ್ಗ ಇನ್ನಷ್ಟು ಇಳಿಸಿದ. ಆಗಲೂ ಯಾರಿಗೂ ತಾಗಲಿಲ್ಲ. "ನೋಡಿದ್ರಾ, ಇನ್ನೂ ಜಾಗ ಇದೆ!" ಎಂದು ಕುಣಿದಾಡಿ ಮತ್ತೂ ಇಳಿಸಿದ. ಮೂವರೂ ಗಿಡ್ಡರು ಎಂಬ ಸಂಗತಿ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಆ ಮನೆಯಲ್ಲಿ ಎತ್ತರದವರು ಅಂತ ಯಾರೂ ಇರಲೇ ಇಲ್ಲವಲ್ಲ.

ತಿಂಗಳ ಸಂಸಾರ ಶುರುವಾಯಿತು. ಮೊದಮೊದಲು ಅತ್ತೆ ಗೊಣಗಿದರು. ಬರಬರುತ್ತ ಕೂತ ಜಾಗದಿಂದ ಏಳದೆ, ತಿರುಗಿ ನೋಡದೆ, ಬೆನ್ನ ಹಿಂದಿನ ಉಪ್ಪಿನ ಡಬ್ಬಿಗೆ ಕೈ ಹಾಕುವುದನ್ನು ಕಲಿತರು. "ಅಳಿಯಂದ್ರೇ, ಎಲ್ಲಾ ಕೈಗೆಟಕೋ ಹಾಗಿದೆ. ಮಂಡಿ ನೋವೇ ಮರ್ತುಹೋಯ್ತು" ಎಂದರು. ಹೆಂಡತಿ ಮಾತ್ರ ಗಂಡನ ಕಿವಿಯಲ್ಲಿ, "ಮದುವೆ ಆದ ಹೊಸದ್ರಲ್ಲೂ ಇಷ್ಟು ಹತ್ತಿರ ಮಲಗಿರ್ಲಿಲ್ಲ ಕಣ್ರೀ" ಎಂದಳು. ಅದು ದೂರೋ ಹೊಗಳಿಕೆಯೋ ಅವನು ಕೇಳಲು ಹೋಗಲಿಲ್ಲ.

ದೋಣಿ ತಯಾರಾಯಿತು. ಬಣ್ಣ ಬಳಿದವನು ಕಾರ್ಖಾನೆಯ ಪೇಂಟರ್. ಮೇಲಕ್ಕೆ ಬಳಿಯಲು ಏಣಿಯೇ ಬೇಡ, ಅಷ್ಟು ಉದ್ದ. ಹಾಗಾಗಿ ಅವನನ್ನೇ ಏಣಿ ಎಂದು ಕರೆಯುತ್ತಿದ್ದರು. ಕಾರ್ಖಾನೆಯಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆ ಇತ್ತು: ದೋಣಿಯೊಳಗೆ ಮೆತ್ತೆ ಹಾಸಿದ ಮೇಲೆ ಕೆಲಸದವರು ಯಾರೂ ಅದರ ಮೇಲೆ ಕೂರುವ ಹಾಗಿಲ್ಲ. ಉಳಿದ ಕೆಲಸವನ್ನೆಲ್ಲ ಮಂಡಿಯೂರಿಯೇ ಮುಗಿಸಬೇಕು. ಏಣಿ ಮಂಡಿಯೂರಿ ಕೊನೆಯ ವಾರ್ನಿಷ್ ಹೊಡೆದು ಹೊರಬಂದ.

ಎರಡು ದಿನದ ಪ್ರದರ್ಶನ ಶುರುವಾದಾಗ ಬಂದರಿನ ಕಟ್ಟೆಗೆ ದೋಣಿಗಳನ್ನು ಸಾಲಾಗಿ ಕಟ್ಟಿದ್ದರು. ಅರಮನೆಯಂಥ ದೋಣಿಗಳ ನಡುವೆ ಗೆರೆಯಪ್ಪನದು ಆನೆಗಳ ಮಧ್ಯೆ ಸಿಕ್ಕ ಕರುವಿನಂತಿತ್ತು. ಬೆಲೆ ಬರೆದ ಹಲಗೆ ನೋಡಿ ಜನ ಮುಗಿಬಿದ್ದರು. ಮೊದಲನೆಯವನು ಒಳಗಿಳಿದ. ಠಣ್! ತಲೆ ಉಜ್ಜಿಕೊಳ್ಳುತ್ತ ಹೊರಬಂದ. ಎರಡನೆಯವಳು ಇಳಿದಳು. ಠಣ್! ಮಧ್ಯಾಹ್ನದ ಹೊತ್ತಿಗೆ ಸಾಲಿನಲ್ಲಿ ನಿಂತವರೇ ಎಣಿಸತೊಡಗಿದ್ದರು. ಸಂಜೆ ಯಜಮಾನಿಯೇ ಇಳಿದಳು, ಆಕೆಯೂ ಎತ್ತರದವಳು. ಹೊರಬಂದು ಹಣೆ ಒತ್ತಿಕೊಂಡು, "ಗೆರೆಯಪ್ನೋರೇ, ಈ ಮಾಡು ಯಾರ ತಲೆ ಅಳತೆಗೆ ಹಾಕಿದ್ದು?" ಎಂದಳು.

ಗೆರೆಯಪ್ಪನಿಗೆ ಬಟ್ಟೆ ಹಗ್ಗ, ಅದರ ಕೆಳಗೆ ಸಲೀಸಾಗಿ ಓಡಾಡುವ ಮೂರು ತಲೆ ಕಣ್ಣೆದುರು ಬಂದವು. ನೆಲ ಬಾಯಿಬಿಡಬಾರದೇ ಅನ್ನಿಸಿತು. ಏಣಿಯನ್ನು ಹುಡುಕಿಕೊಂಡು ಹೋದ.

"ಅಲ್ಲಯ್ಯಾ, ಒಳಗೆಲ್ಲ ಬಣ್ಣ ಬಳಿದವನು ನೀನು. ನಿನಗೆ ತಲೆ ತಾಗ್ಲಿಲ್ವಾ?"

"ದಿನಾ ತಾಗ್ತಿತ್ತು ಸಾರ್."

"ಒಂದು ಮಾತು ಹೇಳ್ಬಾರ್ದಾಗಿತ್ತಾ?"

ಏಣಿ ಮುಗ್ಧವಾಗಿ ನಕ್ಕ. "ಕೊಳ್ಳೋರು ನಾವಲ್ವಲ್ಲ ಸಾರ್. ನಮ್ಮ ತಲೆನೂ ಲೆಕ್ಕಕ್ಕೆ ಬರುತ್ತೆ ಅಂತ ಹೊಳೀಲೇ ಇಲ್ಲ."

ಯಾರಿಗಾಗಿ ಈ ದೋಣಿ ಮಾಡಿದೆನೋ ಅವನಿಗೇ ಇದು ತನಗಾಗಿ ಎಂದು ಗೊತ್ತಿಲ್ಲ! ಗೆರೆಯಪ್ಪನಿಗೆ ಅಳು ಬರುವಂತಾಯಿತು. ಮನೆಗೆ ಬಂದು ಊಟಕ್ಕೆ ಕೂತಾಗ ನಡೆದದ್ದನ್ನೆಲ್ಲ ಹೇಳಿದ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, "ನಾಳೆ ನಾನೂ ಬರ್ತೀನಿ" ಎಂದರು. "ಒಂದು ತಿಂಗಳು ಆ ಮನೇಲಿ ಸಂಸಾರ ಮಾಡಿದ್ದೀನಿ. ಒಂದ್ಸಲ ನಿಜವಾದ್ದನ್ನ ನೋಡ್ಬೇಡ್ವಾ?"

ಮಾರನೆಯ ದಿನವೇ ಪ್ರದರ್ಶನದ ಕಡೆಯ ದಿನ. ಅತ್ತೆ ದೋಣಿಗಿಳಿದು, ಒಲೆಯ ಪಕ್ಕ ತಮ್ಮ ಜಾಗದಲ್ಲಿ ಕೂತು, ತಿರುಗಿ ನೋಡದೆ ಹಿಂದಕ್ಕೆ ಕೈ ಚಾಚಿದರು. ಡಬ್ಬಿ ಇದ್ದಲ್ಲೇ ಇತ್ತು. ಟೀಗೆ ನೀರಿಟ್ಟರು. ಬಾಗಿಲಲ್ಲಿ ಯಾರದೋ ಕಾಲು ಕಂಡ ಕೂಡಲೇ ಕೂಗಿದರು: "ನಿಲ್ಬೇಡಿ, ನಿಲ್ಬೇಡಿ! ಹಾಗೇ ಜಾರಿಕೊಂಡು ಬಂದು ಕೂತ್ಕೊಳ್ಳಿ. ಹಾಂ, ಹಾಗೆ! ನಿಂತ್ಕೊಳ್ಳೋಕೆ ಹೊರಗೆ ಅಷ್ಟು ದೊಡ್ಡ ಆಕಾಶ ಇದೆ. ಒಳಗೆ ಬರೋದು ಕೂರೋಕೆ, ತಿನ್ನೋಕೆ, ಮಲಗೋಕೆ."

ಬಂದವರೆಲ್ಲ ಕೂತರು. ಒಂದು ತಲೆಯೂ ಠಣ್ ಎನ್ನಲಿಲ್ಲ. ಟೀ ಕುಡಿದರು, ಹರಟಿದರು, "ಚೆನ್ನಾಗಿದೆ, ಯೋಚ್ನೆ ಮಾಡ್ತೀವಿ" ಎಂದು ಎದ್ದು ಹೋದರು. ಯೋಚನೆಯಿಂದ ಕಾರ್ಖಾನೆ ನಡೆಯುತ್ತದೆಯೇ? ಬಿಸಿಲು ಇಳಿಯಿತು. ಪಕ್ಕದ ದೋಣಿಗಳವರು ರತ್ನಗಂಬಳಿ ಸುತ್ತತೊಡಗಿದರು. ಯಜಮಾನಿ ಕಟ್ಟೆಯ ಮೇಲೆ ನಿಂತು ಗಡಿಯಾರ ನೋಡಿಕೊಂಡಳು.

ಆಗ ಏಣಿ ಬಂದ. ತಲೆಗಳು ತಾಗಿ ಮಾಡಿನ ವಾರ್ನಿಷ್ ಮೇಲೆ ಎಣ್ಣೆಯ ಕಲೆಗಳು ಬಿದ್ದಿದ್ದವು. ಒರೆಸಲು ಬಟ್ಟೆ ಹಿಡಿದು ಒಳಗಿಳಿದು, ಅಭ್ಯಾಸದಂತೆ ಮಂಡಿಯೂರಿದ.

"ಕೂತ್ಕೋ ಮಗಾ, ಟೀ ಕುಡಿ" ಎಂದರು ಅತ್ತೆ.

"ಬೇಡ ಅಮ್ಮಾ. ಮೆತ್ತೆ ಹಾಕಿದ್ಮೇಲೆ ನಾವು ಕೂರೋ ಹಾಗಿಲ್ಲ."

"ಈ ಮೆತ್ತೆ ಹೊಲಿದೋಳು ನನ್ನ ಮಗಳು. ಕೂತ್ಕೋ ಅಂದ್ರೆ ಕೂತ್ಕೋ!"

ಏಣಿ ಅಂಚಿನಲ್ಲಿ ಕೂತ. ಆಮೇಲೆ ಸ್ವಲ್ಪ ಹಿಂದೆ ಸರಿದ. ಆಮೇಲೆ ಒರಗಿದ. ಕಿಟಕಿಯ ಆಚೆ ನೀರು ಅವನ ಕಣ್ಣಿನ ಮಟ್ಟಕ್ಕೇ ಬಂದು ಮಿನುಗುತ್ತಿತ್ತು. ಟೀ ಆರಿತು. ಅವನು ಕುಡಿಯಲೂ ಇಲ್ಲ, ಏಳಲೂ ಇಲ್ಲ. ಗೆರೆಯಪ್ಪ ಬಾಗಿಲಲ್ಲಿ ಬಗ್ಗಿ ನೋಡುತ್ತಿದ್ದ.

"ಸಾರ್, ಇದರ ಬೆಲೆ ಎಷ್ಟು?"

ಬೆಲೆಯ ಹಲಗೆ ಬರೆದವನೇ ಏಣಿ. ಆದರೂ ಗೆರೆಯಪ್ಪ ಗಿರಾಕಿಗೆ ಹೇಳುವ ಹಾಗೆ ಗಂಭೀರವಾಗಿ ಹೇಳಿದ.

"ಹೊಸ ಕಾರಿಗೆ ಅಂತ ನಾನೂ ನನ್ನ ಹೆಂಡ್ತೀನೂ ಕೂಡಿಟ್ಟಿದ್ದೀವಿ. ಉಳಿದದ್ದು ಕಂತಲ್ಲಿ ಕೊಟ್ರೆ ಆಗುತ್ತಾ?" ಎಂದ ಏಣಿ. "ಹಳೇ ಕಾರೇ ಇನ್ನೂ ಓಡ್ತಿದೆ ಸಾರ್. ಇಷ್ಟು ವರ್ಷ ನೀರಿನ ಪಕ್ಕದಲ್ಲೇ ಇದ್ದು, ಒಂದ್ಸಲನೂ ಹೀಗೆ ಕೂತು ನೋಡಿರ್ಲಿಲ್ಲ."

ಅಷ್ಟರಲ್ಲಿ ಯಜಮಾನಿ ಬಗ್ಗಿದಳು. ಮೆತ್ತೆಯ ಮೇಲೆ ಒರಗಿದ ಕೆಲಸದವನನ್ನು ಕಂಡು ಹುಬ್ಬು ಗಂಟಿಕ್ಕಿ ಬಾಯಿ ತೆರೆದಳು. ಅತ್ತೆ ಸೌಟು ಎತ್ತಿದರು.

"ಶ್! ಸುಮ್ನಿರಮ್ಮಾ. ಗಿರಾಕಿ ಕೂತಿದ್ದಾರೆ."

ಯಜಮಾನಿ ಒಂದು ಗಳಿಗೆ ಏಣಿಯ ಮುಖ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು, ಕೂತುಕೊಂಡೇ ಒಳಗೆ ಜಾರಿ, "ನನಗೂ ಒಂದು ಟೀ ಕೊಡಿ" ಎಂದಳು. ಕಂತಿನ ಮಾತು ಅಲ್ಲೇ ಕುದುರಿತು; ಆರ್ಡರ್ ಬಂದಂತಾಯಿತು.

ಗೆರೆಯಪ್ಪ ಒಳಗಿಳಿದ. ಜೇಬಿನಿಂದ ಸೀಮೆಸುಣ್ಣ ತೆಗೆದು ಏಣಿಗೆ ಮಲಗಲು ಹೇಳಿದ. ಪಾದ ಎರಡೂ ಆಚೆ ಬಂದವು. "ಹಾಸಿಗೆ ಇದ್ದಷ್ಟು ಕಾಲು ಚಾಚಪ್ಪಾ" ಎಂದು ಅತ್ತೆ ನಕ್ಕರು. "ಈ ಸಲ ಬೇಡ ಅತ್ತೆ, ಕಾಲು ಇದ್ದಷ್ಟು ಹಾಸಿಗೆ ಮಾಡೋಣ" ಎಂದು ಅವನು ಪಾದದ ಬಳಿ ಗೆರೆ ಎಳೆದ. ಒಲೆಯ ಮೇಲಿನ ಮಾಡಿಗೂ ಗುರುತು ಹಾಕಿದ: ದೋಣಿ ನಿಂತಾಗ ಅಷ್ಟು ಭಾಗ ಮುಚ್ಚಳದಂತೆ ಮೇಲೆತ್ತಿ ನಿಲ್ಲಿಸಬಹುದು, ಉದ್ದನೆಯವರೂ ಎದ್ದು ನಿಲ್ಲಬಹುದು.

ಮುಂದಿನ ವಾರ ನಡುಕೋಣೆಯಲ್ಲಿ ಮತ್ತೆ ಗೆರೆ ಬಿತ್ತು, ಹಗ್ಗ ಏರಿತು. ಒರೆಸುವ ಬಟ್ಟೆ ನೇತುಹಾಕಲು ಎಟುಕುವುದಿಲ್ಲ ಎಂದು ಅತ್ತೆ ದಿನವಿಡೀ ಗೊಣಗಿದರು. ಸಂಜೆ ಏಣಿ ಹೆಂಡತಿಯನ್ನು ಕರೆದುಕೊಂಡು ಬಂದ. ಆಕೆ ಹೊಸ್ತಿಲು ದಾಟುತ್ತಿದ್ದಂತೆ ಅತ್ತೆ "ಅಯ್ಯಯ್ಯೋ, ಗೋಡೆ!" ಎಂದು ಕೂಗಿದರು. ಏಣಿ ಹೆಂಡತಿಯ ಕೈ ಹಿಡಿದು, ಗೆರೆಯ ಸುತ್ತ ಬಳಸಿ, ಬಾಗಿಲಿದ್ದ ಕಡೆಯಿಂದಲೇ ಒಳಗೆ ಬಂದ. ತಲೆ ತಗ್ಗಿಸದೆ ಹಗ್ಗದ ಕೆಳಗೆ ನಡೆದು, ತನ್ನ ಜಾಗದಲ್ಲಿ ಕೂತ.