ತುಂಬಿಯೇ ಮನೆಗೆ ಬರುವ ಬಾಟಲಿ

ನನ್ನ ನೀರಿನ ಬಾಟಲಿಗೆ ಮಾತು ಬಂದಿದ್ದರೆ ನನ್ನ ಮಾನ ಎಂದೋ ಹರಾಜಾಗುತ್ತಿತ್ತು. ದಿನಾ ಬೆಳಿಗ್ಗೆ ಸಿಂದಗಿಯಲ್ಲಿ ನನ್ನೊಂದಿಗೆ ಬಸ್ಸು ಹತ್ತಿ, ಮೋರಟಗಿ ಕಡೆಯ ನಮ್ಮ ಹೈಸ್ಕೂಲು ನೋಡಿಕೊಂಡು, ಸಂಜೆ ಹಾಗೇ ತುಂಬಿಕೊಂಡು ಮನೆಗೆ ಬರುತ್ತಿತ್ತು. ಅತ್ತೆ ಆ ನೀರನ್ನು ತುಳಸಿಗೆ ಹಾಕುತ್ತಿದ್ದರು. ನಾನು ವಿಜ್ಞಾನದ ಟೀಚರು ಬೇರೆ.

ಮೂತ್ರಪಿಂಡದ ಪಾಠವೆಂದರೆ ನನಗೆ ಎಲ್ಲಿಲ್ಲದ ಹುಮ್ಮಸ್ಸು. ಮುಷ್ಟಿಯಷ್ಟು ದೊಡ್ಡ ಎರಡು ಅವರೆಕಾಳು ಎನ್ನಿ. ಹೃದಯದಿಂದ ಇಳಿದು ಬರುವ ದೊಡ್ಡ ರಕ್ತನಾಳ ಎರಡಕ್ಕೂ ಕವಲು ಕೊಡುತ್ತದೆ. ಒಳಗೆ ಆ ಕವಲು ಕೂದಲಿಗಿಂತ ಸಣ್ಣ ನಾಳಗಳಾಗಿ ಗಂಟುಗಟ್ಟಿ, ರಕ್ತವನ್ನು ಸೋಸುತ್ತದೆ. ಬೇಕಾದದ್ದು ಮರಳಿ ರಕ್ತಕ್ಕೆ, ಬೇಡವಾದದ್ದು ಹೊರಗೆ. ರವಿವಾರದ ರಜೆಯೂ ಇಲ್ಲದ ಈ ನೌಕರರು ಕೇಳುವುದು ಬರೀ ನೀರು. ಇಷ್ಟು ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗುತ್ತಿತ್ತು. ಕೆಮ್ಮಿ ಮುಂದುವರಿಸುತ್ತಿದ್ದೆ.

ಕುಡಿದರೆ ಹೋಗಬೇಕಲ್ಲ, ಎಲ್ಲಿಗೆ ಹೋಗಲಿ? ಶೌಚಾಲಯ ಇಲ್ಲವೆಂದಲ್ಲ. ಬಿಳಿ ಟೈಲ್ಸಿನದು, ನಮ್ಮ ಮನೆಯದಕ್ಕಿಂತ ಚೆಂದದ್ದು ಇದೆ. ಆದರೆ ಅದಕ್ಕೆ ಬೀಗ, ಬೀಗದ ಕೈ ಹೆಡ್‌ಮಾಸ್ತರರ ಡ್ರಾಯರಿನಲ್ಲಿ. ಸಾಹೇಬರು ವರ್ಷಕ್ಕೊಮ್ಮೆ ತಪಾಸಣೆಗೆ ಬಂದಾಗ ಸ್ವಚ್ಛ ಕಾಣಬೇಕಂತೆ! ವರ್ಷಕ್ಕೆ ಒಂದೇ ಸಲ ಮೂತ್ರಕ್ಕೆ ಹೋಗುವ ಸಾಹೇಬರು ಯಾರೂ ಇಲ್ಲ, ಆದರೆ ನಮ್ಮಿಂದ ಅದನ್ನೇ ಬಯಸುತ್ತಾರೆ. ಗಂಡಸರೇ ತುಂಬಿದ ಸ್ಟಾಫ್ ರೂಮಿನಲ್ಲಿ ಕೀ ಕೇಳಲು ನಾಚಿ ಆರು ವರ್ಷ ತಡೆದುಕೊಂಡೆ. ಹುಡುಗಿಯರು ನಾನು ಬೋರ್ಡಿನ ಮೇಲೆ ಬರೆದದ್ದನ್ನು ಬಿಟ್ಟು ನನ್ನನ್ನು ನೋಡಿ ಕಲಿತರು. ಅವರೂ ನೀರು ಮುಟ್ಟುತ್ತಿರಲಿಲ್ಲ. ಈ ಮಾತು ನೆನೆದರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಹೋದ ತಿಂಗಳು ಚಳಿಜ್ವರ, ಬೆನ್ನಲ್ಲಿ ಸಹಿಸಲಾರದ ನೋವು. ಡಾಕ್ಟರು ರಿಪೋರ್ಟು ನೋಡಿ, "ಸೋಂಕು ಕಿಡ್ನಿತನಾ ಏರೇತ್ರಿ. ಹಿಂಗಽ ಮಾಡಿದ್ರ ಕಿಡ್ನಿ ಉಳಿಯೂದಿಲ್ಲ" ಎಂದರು. ಸಾಲಿಯಲ್ಲಿ ಯಾವ ವಿಷಯ ಕಲಿಸುತ್ತೀರಿ ಎಂದೂ ಕೇಳಿದರು. ವಿಜ್ಞಾನ ಎನ್ನಲು ನಾಲಿಗೆ ಏಳಲಿಲ್ಲ. ಕನ್ನಡ ಎಂದೆ.

ರಜೆ ಮುಗಿಸಿ ಹೋದ ದಿನವೇ ಎಲ್ಲರೆದುರು ಡ್ರಾಯರು ತೆಗೆದು ಕೀ ಎತ್ತಿಕೊಂಡೆ. ಹೆಡ್‌ಮಾಸ್ತರರು ಗಾಬರಿಯಾಗಿ, "ಮೇಡಂ, ಹೊಲಸ ಆಗತೈತ್ರಿ" ಎಂದರು.

"ಆಗ್ಲಿರಿ ಸರ್, ತೊಳದ್ರ ಹೋಗತೈತಿ. ಕಿಡ್ನಿ ಹೋದ್ರ ಮತ್ತ ಬರೂದಿಲ್ಲ."

ಶೌಚಾಲಯದ ಬಾಗಿಲು ತೆರೆದು, ಬೀಗವನ್ನೇ ತಂದು ಅದೇ ಡ್ರಾಯರಿನಲ್ಲಿ ಇಟ್ಟೆ. ಆಮೇಲೆ ತರಗತಿಗೆ ಹೋಗಿ, ಇನ್ನು ಅದಕ್ಕೆ ಬೀಗವಿಲ್ಲ ಎಂದು ಹೇಳಿ, ಬೋರ್ಡಿನ ಮುಂದೆ ನಿಂತು ಗಟಗಟ ನೀರು ಕುಡಿದೆ. ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡು ತಮ್ಮ ಬಾಟಲಿ ತೆಗೆದರು.

ಸಂಜೆ ಅತ್ತೆ ತುಳಸಿಯ ಮುಂದೆ ಬಾಟಲಿ ಬಗ್ಗಿಸಿದರೆ ಹನಿಯೂ ಬೀಳಲಿಲ್ಲ. "ಎಲ್ಲಿ ಚೆಲ್ಲಿ ಬಂದಿ?" ಎಂದರು. ಚೆಲ್ಲಿಲ್ಲ, ಕುಡಿದೆ ಎಂದೆ. ಅವರು ನಂಬಲಿಲ್ಲ. ಮುಚ್ಚಳ ಸಡಿಲಾಗಿದೆಯೇನೋ ಎಂದು ತಿರುಗಿಸಿ ತಿರುಗಿಸಿ ನೋಡಿದರು.