ಪರಮಶಿವಯ್ಯ ಹೊಡೆದು ಹಾಕಿದ ಪದ

ತಿಪಟೂರಿನಲ್ಲಿ ಇಂಗ್ಲಿಷಿನ ಲಗ್ನಪತ್ರಿಕೆ ಅಚ್ಚಾಗಬೇಕೆಂದರೆ ಅದು ಮೊದಲು ಪರಮಶಿವಯ್ಯ ಮೇಷ್ಟ್ರ ಕಣ್ಣಿಗೆ ಬೀಳಬೇಕು. ಮೂವತ್ನಾಲ್ಕು ವರ್ಷ ತುರುವೇಕೆರೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಈಗ ಕೊಬ್ಬರಿ ಮಂಡಿಯೊಂದರ ಮಹಡಿಯಲ್ಲಿ ಸಂಜೆ ಪಾಠ ಹೇಳುತ್ತಾರೆ. ಕೆಳಗಿನ ಕೊಬ್ಬರಿಯ ವಾಸನೆ ನೋಟುಬುಕ್ಕುಗಳಿಗೆಲ್ಲ ಅಂಟಿರುತ್ತದೆ. ಮೇಜಿನ ಮೇಲೆ ಬಿ.ಎಡ್. ಓದುವಾಗ ಕೊಂಡ ನಿಘಂಟು, ಜೇಬಿನಲ್ಲಿ ಕೆಂಪು ಪೆನ್ನು. ಮಕ್ಕಳು ಫೋನಿನಲ್ಲಿ ಕಲಿತ ಹೊಸ ಪದ ಬರೆದು ತಂದರೆ ನಿಘಂಟು ತಿರುವುತ್ತಾರೆ. ಇಲ್ಲದಿದ್ದರೆ ಒಂದು ಗೆರೆ. "ಇದರೊಳಗಿಲ್ಲದ್ದು ಇಂಗ್ಲಿಷೇ ಅಲ್ಲ ಕಣ್ರಯ್ಯ."

ಎರಡು ವರ್ಷದ ಹಿಂದೆ ವನಿತಾ ಪಾಠಕ್ಕೆ ಬರುತ್ತಿದ್ದಳು. ಬೋರನಕಣಿವೆ ಕಡೆಯ ಕುರಿಗಾರರ ಹಟ್ಟಿಯವಳು, ತಿಪಟೂರಿಗೆ ಸೊಸೆಯಾಗಿ ಬಂದವಳು. 'ನನ್ನ ವಾರ' ಎಂದು ವಾರಕ್ಕೊಂದು ಪುಟ ಎಲ್ಲರೂ ಬರೆಯಬೇಕಿತ್ತು. ಒಂದು ಸಲ ಅವಳ ಪುಟದ ಕೊನೆಯಲ್ಲಿ 'ಗ್ಯಾಸ್‌ಲೈಟಿಂಗ್' ಎಂಬ ಪದವಿತ್ತು.

"ಏನಮ್ಮ ಇದು?"

"ಫೋನಲ್ಲಿ ಓದ್ದೆ ಸಾ. ಐತೆ ಸಾ ಆ ಪದ."

"ನಿನ್ ಫೋನಲ್ಲಿ ಐತೆ, ಇಂಗ್ಲೆಂಡಲ್ಲಿ ಇಲ್ವಲ್ಲಮ್ಮ!"

ಕೋಣೆ ತುಂಬ ನಗು. ಅವಳೂ ನಕ್ಕಳು. ಮೇಷ್ಟ್ರು ಪದದ ಮೇಲೆ ಗೆರೆ ಎಳೆದು, ಇಂಥದ್ದೊಂದು ಇಲ್ಲವೇ ಇಲ್ಲ ಎಂದು ಅಂಚಿನಲ್ಲಿ ಇಂಗ್ಲಿಷಿನಲ್ಲಿ ಬರೆದು ರುಜು ಹಾಕಿದರು. ಮರುವಾರದಿಂದ ಅವಳು ಬರಲಿಲ್ಲ. ತಲೆ ಸರಿಯಿಲ್ಲವಂತೆ, ಗಂಡ ಮಗುವನ್ನು ತನ್ನ ಬಳಿಯೇ ಇಟ್ಟುಕೊಂಡು ಅವಳನ್ನು ತವರಿಗೆ ಬಿಟ್ಟುಬಂದನಂತೆ ಎಂದು ಯಾರೋ ಹೇಳಿದಾಗ, ಅಯ್ಯೋ ಪಾಪ ಅಂದು ಸುಮ್ಮನಾಗಿದ್ದರು.

ಈ ಬೇಸಿಗೆಯಲ್ಲಿ, ಮಕ್ಕಳ ಬಾಯಿ ಮುಚ್ಚಿಸಲೆಂದೇ ಅವರು ಹೊಸ ನಿಘಂಟು ತರಿಸಿದರು. ಹೊಡೆದು ಹಾಕಿದ್ದ ಪದಗಳು ಒಂದೊಂದಾಗಿ ಅದರಲ್ಲಿ ಸಿಗತೊಡಗಿದಾಗ ಮೊದಮೊದಲು ನಗು ಬಂತು. ಆಮೇಲೆ ಆ ಪದವೂ ಸಿಕ್ಕಿತು. ಕಂಡದ್ದನ್ನು ಕಂಡಿಲ್ಲ, ಆದದ್ದನ್ನು ಆಗಿಲ್ಲ ಎಂದು ಸಾಧಿಸಿ, ಒಬ್ಬರು ತಮ್ಮ ಬುದ್ಧಿಯನ್ನೇ ಅನುಮಾನಿಸುವಂತೆ ಮಾಡುವುದು. ಮೇಷ್ಟ್ರು ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. ಅವಳು ಆ ಪುಟದಲ್ಲಿ ಏನು ಬರೆದಿದ್ದಳು? ಅಂದು ತಾವು ಹಾಕಿದ ಗೆರೆ ನೆನಪಿತ್ತು. ಅವಳ ವಾರ ನೆನಪಿರಲಿಲ್ಲ.

ಮರುದಿನ ಅವಳ ತವರಿಗೆಂದು ಹುಳಿಯಾರು ಬಸ್ಸು ಹತ್ತಿದರು.

ವನಿತಾ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ತಾಯಿ ಪುಟ್ಟಕ್ಕ ಕಂಬಳಿ ಹಾಸಿದಳು. "ಆ ಪದ ಐತಮ್ಮ," ಎಂದರು ಮೇಷ್ಟ್ರು. "ಈಗ ಹೊಸದಾಗಿ ಸೇರಿಸವ್ರೆ." ಅಂದ ಮೇಲೆ ನಾಚಿಕೆಯಾಯಿತು. ಹಳೆಯದಾಗಿದ್ದದ್ದು ತಮ್ಮ ನಿಘಂಟು. "ಸುಳ್ಳು. ಅವತ್ತೂ ಇತ್ತು. ನಾನೇ ನೋಡಿರ್ಲಿಲ್ಲ."

ಅವಳು ಒಳಗಿನಿಂದ ನೋಟುಬುಕ್ಕು ತಂದುಕೊಟ್ಟಳು. ಮೇಷ್ಟ್ರು ಆ ಪುಟವನ್ನು ಮೊದಲ ಸಲ ಓದಿದರು. ಬೀರುವಿನ ಬೀಗದಕೈ ನನ್ನ ಚೀಲದಲ್ಲಿತ್ತು. ಗಂಡ ತೆಗೆದುಕೊಂಡದ್ದನ್ನು ನೋಡಿದೆ. ನೀನೇ ಕಳೆದೆ ಎಂದರು. ರಾತ್ರಿ ಅವರ ಜೇಬಿನಲ್ಲಿ ಸಿಕ್ಕಿತು. ನೀನೇ ಇಟ್ಟೆ ಎಂದರು. ಸಾಲುಸಾಲಿಗೂ ಕೆಂಪು ಶಾಯಿ. ಒಂದು ಕಡೆ ಕ್ರಿಯಾಪದ ಸರಿಮಾಡಿದ್ದರು, ಇನ್ನೊಂದು ಕಡೆ ಅಲ್ಪವಿರಾಮ.

"ಹಾಳೆ ನಮ್ಮೆಜಮಾನ್ರ ಕೈಗೆ ಸಿಕ್ತು ಸಾ. ನೋಡು, ನಿಮ್ ಮೇಷ್ಟ್ರೇ ಸೈನ್ ಹಾಕವ್ರೆ, ಹಂಗಂತ ಏನೂ ಇಲ್ಲ, ಎಲ್ಲ ನಿನ್ ತಲೇಲೈತೆ ಅಂದ್ರು. ನೀವೇ ಬರ್ದ್‌ಮ್ಯಾಲೆ, ಹೌದೇನೋ ಅನ್ಕಂಡೆ."

"ಈಗ್ಲೂ ಒಲೆ ಆರ್ಸಿದ್ನಾ ಅಂತ ಮೂರು ಕಿತ ಎದ್ದೋಗಿ ನೋಡ್ತಾಳೆ ಸ್ವಾಮಿ," ಎಂದಳು ಪುಟ್ಟಕ್ಕ.

ಮೇಷ್ಟ್ರು ತಮ್ಮ ಬರಹವನ್ನು ಹೊಡೆದು ಹಾಕಲು ಪೆನ್ನು ತೆಗೆದರು. ವನಿತಾ ಪುಸ್ತಕ ಎಳೆದುಕೊಂಡಳು.

"ಬ್ಯಾಡ ಸಾ. ನಮ್ಮೆಜಮಾನ್ರು ಆಗ್ಲೇ ಈ ಹಾಳೆ ಫೋಟೋ ಹಿಡ್ಕಂಡವ್ರೆ. ಭಾನುವಾರ ಕಿಬ್ಬನಹಳ್ಳೀಲಿ ಎರಡೂ ಕಡೆ ಹಿರೀಕರು ಕೂರ್ತಾರೆ. ನಂಗೆ ಬುದ್ಧಿ ನೆಟ್ಟಗಿಲ್ಲ, ಮಗು ಕೊಡಲ್ಲ ಅಂತಾವ್ರೆ. ನೀವು ಬಂದು ಬಾಯಲ್ಲಿ ಹೇಳ್ತೀರಾ?"

ಆ ಹಿರಿಯರಲ್ಲಿ ಅರ್ಧ ಜನರ ಮಕ್ಕಳು ಮೇಷ್ಟ್ರ ಶಿಷ್ಯರು. ಅವರ ಮುಂದೆ ತಮ್ಮ ಕೆಂಪು ಗೆರೆ ತಪ್ಪು ಎನ್ನಬೇಕು. "ಬತ್ತೀನಮ್ಮ," ಎಂದರು.

ವಾಪಸು ಬರುವಾಗ, ಆ ಪದವನ್ನು ಹಿರಿಯರಿಗೆ ಕನ್ನಡದಲ್ಲಿ ಹೇಗೆ ಹೇಳಲಿ ಎಂದು ಬಸ್ಸಿನಲ್ಲೇ ತುಟಿ ಆಡಿಸುತ್ತ ಕೂತಿದ್ದರು. ಒಂದೂ ಪದ ಹೊಂದಲಿಲ್ಲ. ಪಕ್ಕದಲ್ಲಿ ಸೊಪ್ಪಿನ ಕುಕ್ಕೆ ಹಿಡಿದ ಮುದುಕಿ, ಭೈರಮ್ಮ ಅಂತೆ ಹೆಸರು, ಕೇಳಿದಳು: "ಏನ್ ಸ್ವಾಮಿ, ಒಬ್ರೇ ಮಣಮಣ ಅಂತೀರಲ್ಲ?"

ಮೇಷ್ಟ್ರು ಬೀಗದಕೈಯ ಕತೆ ಹೇಳಿದರು. ಮುಗಿಯುವ ಮೊದಲೇ ಅವಳು ಕೈಯಾಡಿಸಿದಳು.

"ಗೊತ್ತು ಬುಡಿ. ನಮ್ಮಕ್ಕಂಗೂ ಹಂಗೇ ಮಾಡಿದ್ರು. ಮನೇಲಿರೋ ಮೊರ ಬಚ್ಚಿಟ್ಟು ಹುಚ್ಚಿ ಅನ್ಸಿದ್ರು. ಆ ಹೆಣ್ಮಗ ಯಾರ್ತಾವೂ ಹೇಳ್ಕಳಿಲ್ವಾ?"

"ಒಬ್ಬ ಮೇಷ್ಟ್ರಿಗೆ ಬರ್ದು ಕೊಟ್ಟಿದ್ಲು. ಅವ್ನು ತಪ್ಪು ಅಂತ ಗೆರೆ ಎಳ್ದ."

"ಥೂ! ಓದ್ದೋನು ಕಣಪ್ಪ! ಯಾವನ್ ಸ್ವಾಮಿ ಅವ್ನು?"

ಕಿಟಕಿಯಾಚೆ ತೆಂಗಿನ ಸಾಲು ಹಿಂದೆ ಸರಿಯುತ್ತಿತ್ತು. ಭಾನುವಾರಕ್ಕೆ ಇನ್ನೂ ಮೂರು ದಿನವಿತ್ತು.

"ನಾನೇ ಕಣಮ್ಮ," ಎಂದರು ಪರಮಶಿವಯ್ಯ.