ಹನ್ನೊಂದನೆಯ ದಿನದ ನೀರು

ಕರ್ಫ್ಯೂ ಹಾಕಿದ ದಿನ ನಾನು ಮನಸ್ಸಿನಲ್ಲೇ ಪಟ್ಟಿ ಮಾಡಿಕೊಂಡೆ. ಕಿಟಕಿಗೆ ಕಲ್ಲು ಬೀಳಬಹುದು. ಬಿದ್ದ ಕಲ್ಲು ನೇರವಾಗಿ ಬಾಣಂತಿ ಮಗಳ ಕೋಣೆಗೇ ಬರಬಹುದು. ಎಂಟು ದಿನದ ಕೂಸಿಗೆ ಜ್ವರ ಬಂದು, ಡಾಕ್ಟರನ್ನು ಕರೆಯಲು ಹೋದ ನನ್ನನ್ನು ಪೊಲೀಸರು ಗಲಭೆಕೋರನೆಂದು ಹಿಡಿಯಬಹುದು. ತರಕಾರಿಯವಳ ಹತ್ತಿರವೂ ಜೋರಾಗಿ ಮಾತಾಡದ ನನ್ನನ್ನು! ಸೌದೆ ಮುಗಿಯಬಹುದು. ತುಮಕೂರಿನಿಂದ ಹೊರಟ ಅಳಿಯ ಯಶವಂತಪುರದಲ್ಲೇ ಸಿಕ್ಕಿಕೊಂಡು, ಅದಕ್ಕೂ ನಮ್ಮ ಮೇಲೇ ಮುನಿಸಿಕೊಳ್ಳಬಹುದು. ಕರ್ಫ್ಯೂವಿನಲ್ಲಿ ಓಡಾಡಲು ಕಚೇರಿಯಲ್ಲಿ ಕೊಟ್ಟ ಪಾಸು ಕಳೆದುಹೋಗಬಹುದು, ಇಲ್ಲವೇ ಇದೆಯೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡಿಯೇ ಹರಿದುಹೋಗಬಹುದು. ಇಷ್ಟೆಲ್ಲ ಹೊಳೆದವನಿಗೆ ನೀರಿನ ಯೋಚನೆ ಮಾತ್ರ ಬರಲಿಲ್ಲ.

ರಾಜಾಜಿನಗರದ ಹೊಸ ಬಡಾವಣೆಗೆ ನಾವು ಬಂದು ಎರಡು ವರ್ಷವಾಗಿತ್ತು. ಖಾಲಿ ಸೈಟುಗಳಲ್ಲಿ ಇನ್ನೂ ಹುರುಳಿ ಬಿತ್ತುತ್ತಿದ್ದರು. ಬಾವಿ ತೋಡಿಸಿದವರಿಗೆಲ್ಲ ಬಂಡೆ ಸಿಕ್ಕಿತ್ತು. ಇಡೀ ಸಾಲಿಗೆ ಬೀದಿ ಕೊನೆಯಲ್ಲಿ ಒಂದೇ ನಲ್ಲಿ. ಬೆಳಿಗ್ಗೆ ಹತ್ತಕ್ಕೆ ಎಲ್ಲಿಯೋ ವಾಲ್ವು ತಿರುಗಿಸಿದರೆ ಹನ್ನೊಂದರವರೆಗೆ ನೀರು. ಆಮೇಲೆ ಮಾರನೆಯ ದಿನವೇ. ಪೇಟೆಯಲ್ಲಿ ಮೆರವಣಿಗೆಯ ಮೇಲೆ ಗುಂಡು ಹಾರಿ ಊರಿಗೆಲ್ಲ ಕರ್ಫ್ಯೂ ಬಂದಾಗ, ಜನ ಹೊರಗೆ ಓಡಾಡಲು ಕೊಟ್ಟ ಬಿಡುವು ಬೆಳಿಗ್ಗೆ ಏಳರಿಂದ ಒಂಬತ್ತು. ಬೀದಿ ತೆರೆದಾಗ ನಲ್ಲಿ ಒಣಗಿರುತ್ತಿತ್ತು, ನೀರು ಬಂದಾಗ ಬೀದಿ ಮುಚ್ಚಿರುತ್ತಿತ್ತು.

ಆ ಆದೇಶ ಟೈಪು ಮಾಡಿದ ಗುಮಾಸ್ತ ನಾನೇ. "ಬಿಡುವಿನ ವೇಳೆ ಯಾವ್ದು ಹಾಕ್ಲಿ ಸಾರ್?" ಎಂದು ಕೇಳಿದ್ದೆ. "ಹಳೇ ಫೈಲು ನೋಡಿ ಹಾಕ್ರೀ" ಎಂದಿದ್ದರು ನಮ್ಮ ಸಾಹೇಬರು. ನೋಡಿ ಹಾಕಿದ್ದೆ.

ಮಗಳಿಗೆ ಅದು ಚೊಚ್ಚಲ ಬಾಣಂತನ. ಹೆರಿಗೆಯಾದ ಹನ್ನೊಂದನೆಯ ದಿನ ಹಂಡೆ ತುಂಬ ನೀರು ಕಾಯಿಸಿ, ತಲೆಗೆ ಎರೆದು, ಪುರುಡು ಕಳೆದ ಮೇಲೆಯೇ ಅವಳು ಕತ್ತಲೆ ಕೋಣೆಯಿಂದ ಹೊರಗೆ ಬರಬೇಕು. ಆಮೇಲೆಯೇ ನಾವು ಮಗುವನ್ನು ಎತ್ತಿಕೊಳ್ಳಬೇಕು. "ಆ ದಿನ ಒಂದು ಬಂದ್ಬಿಡ್ಲಿ ಅಪ್ಪ, ಇಲ್ಲಿ ಉಸಿರು ಕಟ್ತಾ ಇದೆ" ಎಂದು ಬಾಗಿಲ ಹಿಂದಿನಿಂದ ಹೇಳುತ್ತಿದ್ದಳು.

ಒಂಬತ್ತನೆಯ ದಿನ ತೊಟ್ಟಿ ಬರಿದಾಯಿತು. ಹತ್ತು ಗಂಟೆಗೆ ನಾನೇ ಕೊಡ ಹಿಡಿದು ಹೊರಟೆ. ಕಚೇರಿಯವನಾದ್ದರಿಂದ ಪಾಸಿತ್ತಲ್ಲ, ಆ ಧೈರ್ಯ. ನಲ್ಲಿಯ ಪಕ್ಕ ನಿಂತಿದ್ದ ಕಾನ್‌ಸ್ಟೇಬಲ್ ಅದನ್ನು ಎರಡು ಸಲ ಓದಿದ.

"ಕಚೇರಿಗೆ ಹೋಗಿಬರಲು ಮಾತ್ರ ಅಂತ ಬರ್ದೈತಲ್ಲ ಸಾರ್. ಕೊಡ ತಗೊಂಡು ಯಾವ ಕಚೇರಿಗೆ ಹೊಂಟ್ರಿ?"

"ಮನೇಲಿ ಬಾಣಂತಿ ಇದಾಳಪ್ಪ. ಒಂದೇ ಒಂದು ಕೊಡ..."

"ನಿಮ್ಮನ್ನ ಬಿಟ್ರೆ ಬೀದಿಯೆಲ್ಲಾ ಬತ್ತದೆ. ಸುಮ್ಕೆ ಒಳಗೋಗಿ ಸಾರ್."

ತಿರುಪು ಕೆಟ್ಟಿದ್ದ ನಲ್ಲಿ ಅವನ ಬೂಟಿನ ಪಕ್ಕದಲ್ಲೇ ಸುರಿದು ಮೋರಿಗೆ ಹರಿಯುತ್ತಿತ್ತು. ಸಾಲಿನ ಹೆಂಗಸರೆಲ್ಲ ಕಿಟಕಿಗಳಿಂದ ನೋಡುತ್ತಿದ್ದರು. ಒಂದು ಗಂಟೆ ಹೊತ್ತು, ಸರ್ಕಾರದ ಕಾವಲಿನಲ್ಲಿ, ಕುಡಿಯುವ ನೀರು ಮೋರಿ ಸೇರಿತು. ಅಂಥ ಸಿಟ್ಟು ನನಗೆ ಅದಕ್ಕೆ ಮೊದಲು ಬಂದಿರಲಿಲ್ಲ. "ಮಾತ್ರ" ಎಂಬ ಪದವನ್ನು ಪಾಸಿಗೆ ಸೇರಿಸಿ ಬೀಗಿದ್ದವನೂ ನಾನೇ ಎಂಬುದು ನೆನಪಾಗಿ ಅದು ಇನ್ನಷ್ಟು ಏರಿತು.

ಕೊಡ ಮನೆಯಲ್ಲಿಟ್ಟು ಕಚೇರಿಗೆ ಹೋದೆ. ಸಾಹೇಬರು ತಲೆ ಎತ್ತದೆ ಹೇಳಿದರು: "ಬೀದಿ ನಮ್ದು, ನಲ್ಲಿ ನಮ್ದಲ್ಲ ಕಣ್ರೀ. ಬೇಕಾದ್ರೆ ಟಿಪ್ಪಣಿ ಇಡಿ, ನೋಡೋಣ." ಸೈಕಲ್ಲು ಹತ್ತಿ ನೀರಿನ ಕಚೇರಿಗೆ ಹೋದೆ. ಅಲ್ಲಿನ ಓವರ್‌ಸಿಯರ್ ಎಲೆಗೆ ಸುಣ್ಣ ಸವರುತ್ತ, "ವಾಲ್ವು ನಮ್ದು, ಕರ್ಫ್ಯೂ ನಮ್ದಲ್ವಲ್ಲ. ಬರ್ಕೊಡಿ" ಎಂದರು.

"ಜನಕ್ಕೆ ನೀರಿಲ್ಲ ಸ್ವಾಮಿ!"

"ಅದಕ್ಕೇ ಬರ್ಕೊಡಿ ಅಂದಿದ್ದು."

ಬೇರೆಯವರಾಗಿದ್ದರೆ ಒಂದು ಅರ್ಜಿ ಬರೆದು ದೇವರಿಗೆ ಕೈಮುಗಿಯುತ್ತಿದ್ದರು. ನಾನು ಉಡದಾರದ ಮೇಲೆ ಬೆಲ್ಟು ಕಟ್ಟುವ ಆಸಾಮಿ. ಎರಡು ಬರೆದೆ. ಬಿಡುವನ್ನು ಹತ್ತು ಗಂಟೆಗೆ ಬದಲಾಯಿಸಬೇಕೆಂದು ಸಾಹೇಬರಿಗೆ. ನೀರನ್ನು ಏಳು ಗಂಟೆಗೆ ಬಿಡಬೇಕೆಂದು ಓವರ್‌ಸಿಯರಿಗೆ. ಒಂದರಲ್ಲಿ ಇನ್ನೊಂದರ ಸುದ್ದಿ ಎತ್ತಲಿಲ್ಲ. ಎತ್ತಿದರೆ ಒಬ್ಬರು ಇನ್ನೊಬ್ಬರ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ ಎಂಬ ಭಯ.

"ಎರಡು ಕಡೆ ಯಾಕ್ರೀ ಕೊಟ್ರಿ?" ಎಂದಳು ಹೆಂಡತಿ.

"ಒಂದು ತಪ್ಪಿದ್ರೆ ಇನ್ನೊಂದಿರ್ಲಿ ಅಂತ ಕಣೇ."

ಹತ್ತನೆಯ ದಿನ ಬಿಡುವಿನಲ್ಲಿ ಕಾಮಾಕ್ಷಿಪಾಳ್ಯದ ಬಾವಿಗೆ ಓಡಿದೆವು. ಅಲ್ಲಿಯವರಿಗೇ ಸಾಲದ ನೀರು; ಆದರೂ ಮನೆಗೊಂದು ಕೊಡ ಕೊಟ್ಟರು. ಅದು ಅನ್ನಕ್ಕೂ ಕುಡಿಯುವುದಕ್ಕೂ ಆಯಿತು.

ಹನ್ನೊಂದನೆಯ ದಿನ ಬೆಳಿಗ್ಗೆ ಏಳಕ್ಕೆ ನಲ್ಲಿ ಗೊರಗೊರ ಎಂದಿತು. "ಬಂತು ಕಣ್ರೇ!" ಎಂದು ಯಾರೋ ಕೂಗಿದರು. ಹೆಂಗಸರು ಕೊಡ ಹಿಡಿದು ಓಡಿದರು. ಅದೇ ಹೊತ್ತಿಗೆ ಪೊಲೀಸು ವ್ಯಾನು ತಿರುವಿನಲ್ಲಿ ನಿಂತು ಧ್ವನಿವರ್ಧಕದಲ್ಲಿ ಸಾರಿತು: ಇಂದಿನಿಂದ ಬಿಡುವು ಹತ್ತರಿಂದ ಹನ್ನೆರಡು, ಎಲ್ಲರೂ ಈಗ ಒಳಗೆ ಹೋಗತಕ್ಕದ್ದು. ಕಾನ್‌ಸ್ಟೇಬಲ್ ಲಾಠಿಯನ್ನು ಅಡ್ಡ ಹಿಡಿದು ಹೆಂಗಸರನ್ನು ಹಿಂದಕ್ಕೆ ನೂಕಿದ. ಎಂಟಕ್ಕೆ ನೀರು ನಿಂತಿತು. ಹತ್ತಕ್ಕೆ ಬೀದಿ ತೆರೆಯಿತು.

ಇಪ್ಪತ್ತು ವರ್ಷದ ನೌಕರಿಯಲ್ಲಿ, ಒಂದು ಕಾಗದ ಎರಡೇ ದಿನದಲ್ಲಿ ಆದೇಶವಾದದ್ದನ್ನು ನಾನು ಕಂಡಿರಲಿಲ್ಲ. ಇಲ್ಲಿ ಎರಡು ಕಾಗದವೂ ಆಗಿದ್ದವು. ಆ ಎರಡು ಕಚೇರಿಗಳ ನಡುವೆ ಅರ್ಧ ಮೈಲಿ ದೂರ. ಇಬ್ಬರ ಮೇಜಿನ ಮೇಲೂ ಟೆಲಿಫೋನು. ಊರಿನ ಬೀದಿ ಮುಚ್ಚುವ ಅಧಿಕಾರ ಒಬ್ಬರಿಗೆ, ನೀರು ನಿಲ್ಲಿಸುವ ಅಧಿಕಾರ ಇನ್ನೊಬ್ಬರಿಗೆ. ಒಬ್ಬರನ್ನೊಬ್ಬರು ಒಂದು ಮಾತು ಕೇಳುವ ಕೆಲಸ ಮಾತ್ರ ಯಾರದ್ದೂ ಅಲ್ಲ. ಇವರಿಗೆ ಜನ ಎಂದರೆ ಎರಡು ಬೇರೆ ಬೇರೆ ಫೈಲಿನಲ್ಲಿ ಬದುಕುವವರು. ನನಗೂ ಹಾಗೆಯೇ ಇತ್ತಲ್ಲವೇ? ಇಲ್ಲದಿದ್ದರೆ ಎರಡು ಅರ್ಜಿಯೂ ಒಟ್ಟಿಗೆ ಮಂಜೂರಾದರೆ ಏನು ಗತಿ ಎಂದು, ಆಕಾಶ ಬಿದ್ದರೆ ಎಂದು ಕೂಡ ಹೆದರುವ ನಾನು, ಹೇಗೆ ಹೆದರದೆ ಹೋದೆ?

ಒಲೆಯ ಮೇಲೆ ಹಂಡೆ ಬರಿದಾಗಿ ಕೂತಿತ್ತು.

"ಅಮ್ಮ, ನೀರು ಕಾಯ್ತಾ?" ಎಂದು ಮಗಳು ಒಳಗಿನಿಂದ ಕೇಳಿದಳು.

"ನಿಮ್ಮಪ್ಪನ್ನ ಕೇಳು" ಎಂದಳು ನನ್ನ ಹೆಂಡತಿ.

ನನ್ನ ಮಗಳಿಗೆ ಅವತ್ತು ನೀರು ಬೀಳಲಿಲ್ಲ. ಇನ್ನೂ ಒಂದು ದಿನ ಅವಳು ಆ ಕೋಣೆಯಲ್ಲೇ ಇದ್ದಳು.